7 ಮೆಗಾಹರ್ಟ್ಸ್‌ನಲ್ಲಿ ತಗ್ಗದ ಗದ್ದಲ: ಅಪಾರ್ಟ್‌ಮೆಂಟಿನ ಹ್ಯಾಮ್‌ಗಳು ಏನು ಮಾಡಬಹುದು?

ಮೇಲ್ಮಹಡಿ ಕೇಳುಗಿ:

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಅಪಾರ್ಟ್‌ಮೆಂಟೊಂದರ ಕೊನೆಯ ಮಹಡಿಯಲ್ಲಿ ನನ್ನ ಹ್ಯಾಮ್ (ಪರವಾನಗಿ ಪಡೆದ ಹವ್ಯಾಸಿ) ರೇಡಿಯೊ ನಿಲಯವಿದೆ. ತಾರಸಿಯ ಮೇಲೆ 7.1 ಮೆಗಾಹರ್ಟ್ಸ್‌ಗೆ ಹೊಂದುವ, ಸುಮಾರು 20 ಮೀಟರ್ ಉದ್ದದ ಅರ್ಧತರಂಗ ಡೈಪೋಲ್ (ನಡುವೆ ಕೇಬಲ್ ಜೋಡಿಸಿದ ತಂತಿಯ ಆಂಟೆನಾ) ಕಟ್ಟಿ, ಅಲ್ಲಿಂದ ಆರ್‌ಜಿ-58 ಕೋಆಕ್ಸ್ (ಒಳತಂತಿಯ ಸುತ್ತ ಲೋಹದ ಜಾಲರಿಯಿರುವ) ಕೇಬಲ್ಲನ್ನು ಎಲ್ಲ ಮನೆಗಳ ವಿದ್ಯುತ್ ತಂತಿಗಳೂ ಇಳಿಯುವ ಡಕ್ಟ್ ಮೂಲಕ ಕೋಣೆಗೆ ಇಳಿಸಿಕೊಂಡಿದ್ದೇನೆ. ಎಸ್‌ಡಬ್ಲ್ಯುಆರ್ (ಆಂಟೆನಾ ರೇಡಿಯೊಗೆ ಎಷ್ಟು ಹೊಂದಿದೆ ಎಂಬ ಅಳತೆ) ಚೆನ್ನಾಗಿದೆ. ನಾನು ಆಡಿದ ಮಾತು ಮಂಗಳೂರು, ಹೈದರಾಬಾದ್, ಕೊಚ್ಚಿಯವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ, ಆದರೆ ಅವರ ಉತ್ತರ ನನಗೆ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಬ್ಯಾಂಡ್ ಖಾಲಿಯಿದ್ದಾಗಲೂ ಎಸ್-ಮೀಟರ್ (ಸಂಕೇತದ ಬಲ ತೋರುವ ಮೀಟರ್) ಹಗಲಿನಲ್ಲಿ 8ರ ಆಸುಪಾಸಿನಲ್ಲಿ, ದೀಪ ಹಚ್ಚುವ ಹೊತ್ತಿನ ನಂತರ 9ರ ಆಸುಪಾಸಿನಲ್ಲಿ ನಿಂತಿರುತ್ತದೆ.

ರೇಡಿಯೊದ ಪ್ರೀ-ಆಂಪ್ಲಿಫೈಯರ್ ಹಾಕಿದರೆ ಮಾತೂ ಗದ್ದಲವೂ ಒಟ್ಟಿಗೆ ಏರುತ್ತವೆ. ಆಂಟೆನಾದ ಬುಡದಲ್ಲೇ ಒಳ್ಳೆಯ ಪ್ರೀ-ಆಂಪ್ಲಿಫೈಯರ್ ಕೂರಿಸಿದರೆ ಅನುಕೂಲವಾದೀತೆ, ಅಥವಾ ಮಾರುಕಟ್ಟೆಯಲ್ಲಿ ಸಿಗುವ ಫಿಲ್ಟರ್ ಕೊಳ್ಳಬೇಕೆ ಎಂಬುದನ್ನು ಅನುಭವಿಗಳು ತಿಳಿಸಿಕೊಡಬೇಕೆಂದು ಕೋರುತ್ತೇನೆ.

ನಿವೃತ್ತ ಪ್ರಸಾರ ಎಂಜಿನಿಯರ್:

ಮೇಡಂ, ಎರಡನ್ನೂ ಸದ್ಯಕ್ಕೆ ಕೊಳ್ಳಬೇಡಿ. ಮೊದಲು ನಿಮ್ಮ ಮೀಟರಿನ ಅಂಕಿಯೇ ಏನು ಹೇಳುತ್ತಿದೆ ಎಂಬುದನ್ನು ನೋಡೋಣ, ಏಕೆಂದರೆ ಅದರಲ್ಲಿ ನಿಮಗೆ ಅನುಕೂಲವಾದ ಸುದ್ದಿಯಿದೆ.

ಕೋಣೆಯ ಉಷ್ಣತೆಯಲ್ಲಿರುವ ಯಾವುದೇ ರೋಧಕದಲ್ಲಿ ಎಲೆಕ್ಟ್ರಾನುಗಳ ಚಲನೆಯಿಂದಲೇ ಒಂದು ಗದ್ದಲ ಹುಟ್ಟುತ್ತದೆ. ಬೆಲ್ ಲ್ಯಾಬ್ಸ್‌ನಲ್ಲಿ ಜಾನ್ಸನ್ ಅದನ್ನು ಅಳೆದರು, ನೈಕ್ವಿಸ್ಟ್ ಅದಕ್ಕೆ ಸೂತ್ರ ಕೊಟ್ಟರು. ಇಬ್ಬರ ಪ್ರಬಂಧಗಳೂ 1928ರಲ್ಲಿ ಹೊರಬಂದವು. ಒಂದು ಹರ್ಟ್ಸ್ ಅಗಲದಲ್ಲಿ ಅದರ ಪ್ರಮಾಣ ಮೈನಸ್ 174 ಡಿಬಿಎಂ (ಒಂದು ಮಿಲಿವಾಟ್‌ಗೆ ಹೋಲಿಸಿ ಡೆಸಿಬೆಲ್‌ನಲ್ಲಿ ಹೇಳುವ ಅಳತೆ). ಎಸ್‌ಎಸ್‌ಬಿ (ಹ್ಯಾಮ್‌ಗಳು ಧ್ವನಿಗೆ ಬಳಸುವ ವಿಧಾನ) ಮಾತಿಗೆ ಬೇಕಾದ 2.4 ಕಿಲೋಹರ್ಟ್ಸ್ ಅಗಲಕ್ಕೆ ಲೆಕ್ಕ ಹಾಕಿದರೆ ಅದು ಸುಮಾರು ಮೈನಸ್ 140 ಆಗುತ್ತದೆ. ಎಸ್ 9 ಎಂದರೆ ಮೈನಸ್ 73 ಡಿಬಿಎಂ, ಅಲ್ಲಿಂದ ಕೆಳಗೆ ಒಂದೊಂದು ಎಸ್‌ಗೆ 6 ಡೆಸಿಬೆಲ್. ಹಾಗಾಗಿ ನಿಮ್ಮ ಗದ್ದಲ ಈ ತಳಮಟ್ಟಕ್ಕಿಂತ 60 ಡೆಸಿಬೆಲ್‌ಗೂ ಹೆಚ್ಚು ಮೇಲಿದೆ. ರಿಸೀವರ್‌ನ ಸ್ವಂತ ಗದ್ದಲ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದಲೇ ಪ್ರೀ-ಆಂಪ್ಲಿಫೈಯರ್ ನಿಮಗೆ ಏನನ್ನೂ ಕೊಡಲಾರದು. ಉಪಗ್ರಹ ಸಂಪರ್ಕದಲ್ಲಿ, 144 ಅಥವಾ 435 ಮೆಗಾಹರ್ಟ್ಸ್‌ನಲ್ಲಿ ಅದು ಅಮೂಲ್ಯ ಸಾಧನ, 7 ಮೆಗಾಹರ್ಟ್ಸ್‌ನಲ್ಲಿ ಅಲ್ಲ.

ಇನ್ನು, ನಗರದಲ್ಲಿ ಎಷ್ಟು ಗದ್ದಲವನ್ನು ಸಹಜವೆಂದು ಒಪ್ಪಬೇಕು? ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಪಿ.372 ಶಿಫಾರಸಿನಲ್ಲಿ ಮಾನವ ನಿರ್ಮಿತ ಗದ್ದಲದ ಮಧ್ಯಮ ಮೌಲ್ಯಗಳಿವೆ. ಅವುಗಳ ಪ್ರಕಾರ 7 ಮೆಗಾಹರ್ಟ್ಸ್‌ನಲ್ಲಿ, ಮಾತಿನ ಬ್ಯಾಂಡ್‌ವಿಡ್ತ್‌ಗೆ, ಪೇಟೆ ಪ್ರದೇಶದಲ್ಲಿ ಸುಮಾರು ಮೈನಸ್ 87, ವಸತಿ ಬಡಾವಣೆಯಲ್ಲಿ ಮೈನಸ್ 91, ಹಳ್ಳಿಯಲ್ಲಿ ಮೈನಸ್ 96, ತೀರಾ ನಿಶ್ಶಬ್ದವಾದ ಗ್ರಾಮೀಣ ಜಾಗದಲ್ಲಿ ಮೈನಸ್ 111 ಡಿಬಿಎಂ ಬರುತ್ತದೆ. ಬಡಾವಣೆಗೆ ಎಸ್ 6, ಪೇಟೆಗೆ ಎಸ್ 7ರ ಹತ್ತಿರ ಎನ್ನೋಣ. ನಿಮ್ಮದು 8ರಿಂದ 9. ಎಸ್-ಮೀಟರುಗಳು ಅಷ್ಟೇನೂ ನಿಖರವಲ್ಲ ಎಂಬುದನ್ನು ಒಪ್ಪಿದರೂ, ಊರಿನ ಒಟ್ಟು ಗದ್ದಲದ ಮೇಲೆ ಹತ್ತು ಡೆಸಿಬೆಲ್‌ನಷ್ಟು ಹೆಚ್ಚುವರಿ ಗದ್ದಲ ನಿಮ್ಮ ಕಟ್ಟಡದೊಳಗಿಂದಲೇ ಬರುತ್ತಿರುವ ಸಂಭವ ಬಹಳವಿದೆ. ಊರಿನ ಗದ್ದಲವನ್ನು ನಾವು ತಗ್ಗಿಸಲಾರೆವು. ಮನೆಯೊಳಗಿನದನ್ನು ಹುಡುಕಿ ತೆಗೆಯಬಹುದು, ಮತ್ತು ಹತ್ತು ಡೆಸಿಬೆಲ್ ಎಂದರೆ ನಿಮಗೆ ಉತ್ತರಿಸುವವರು ತಮ್ಮ ಶಕ್ತಿಯನ್ನು 10 ವಾಟ್‌ನಿಂದ 100 ವಾಟ್‌ಗೆ ಏರಿಸಿದಷ್ಟೇ ಲಾಭ.

ಸಂಜೆಯ ಏರಿಕೆಯಲ್ಲಿ ಪ್ರಕೃತಿಯ ಪಾಲೂ ಇದೆ ಎಂಬುದನ್ನು ಮರೆಯಬೇಡಿ. ಸೂರ್ಯ ಮುಳುಗಿದ ಮೇಲೆ ಮೇಲಿನ ವಾತಾವರಣದ ಅಯಾನುಗೋಳದಲ್ಲಿ, ಹಗಲಿನಲ್ಲಿ ರೇಡಿಯೊ ತರಂಗಗಳನ್ನು ಹೀರುವ ಡಿ ಪದರ ಕರಗಿ, ದೂರದೂರದ ಸಿಡಿಲುಗಳ ಚಟಪಟ ಸದ್ದು ನಮ್ಮವರೆಗೂ ಬರುತ್ತದೆ. ಏಪ್ರಿಲ್, ಮೇ ತಿಂಗಳಿನಲ್ಲಿ ಅದು ಇನ್ನೂ ಹೆಚ್ಚು. ಅದಕ್ಕೆ ಮನೆಯ ದೀಪವನ್ನು ದೂರಿ ಫಲವಿಲ್ಲ.

ತಾಮ್ರದ ತಂತಿ:

ಮೇಲಿನವರ ಲೆಕ್ಕಕ್ಕೆ ಪ್ರಯೋಗವೊಂದನ್ನು ಸೇರಿಸುತ್ತೇನೆ. ರೇಡಿಯೊವನ್ನು 12 ವೋಲ್ಟ್ ಬ್ಯಾಟರಿಗೆ ಜೋಡಿಸಿ, ಖಾಲಿ ಕಂಪನಾಂಕವೊಂದರಲ್ಲಿ ಮೀಟರ್ ನೋಡಿಕೊಂಡು, ಮನೆಯ ಮೇನ್ ಸ್ವಿಚ್ ಆರಿಸಿ. ಯುಪಿಎಸ್ ಇದ್ದರೆ ಅದನ್ನೂ ಪೂರ್ತಿ ಆರಿಸಬೇಕು, ಇಲ್ಲವಾದರೆ ಕರೆಂಟ್ ಹೋದ ತಕ್ಷಣ ಇನ್ವರ್ಟರ್ ತಾನೇ ಹೊಸ ಗದ್ದಲ ಶುರು ಮಾಡಿ ಪ್ರಯೋಗವನ್ನು ಕೆಡಿಸುತ್ತದೆ. ಗದ್ದಲ ಬಿದ್ದರೆ ಮೂಲ ನಿಮ್ಮ ಮನೆಯಲ್ಲಿದೆ; ಒಂದೊಂದೇ ಎಂಸಿಬಿ ಏರಿಸುತ್ತ ಯಾವ ಕೋಣೆ, ಆಮೇಲೆ ಯಾವ ಸಾಕೆಟ್ ಎಂದು ಹಿಡಿಯಬಹುದು. ಮನೆಯಲ್ಲಿ ಯಾರಾದರೂ ವಿದ್ಯುತ್ತಿನ ವೈದ್ಯಕೀಯ ಸಾಧನ ಬಳಸುತ್ತಿದ್ದರೆ ಅವರ ಒಪ್ಪಿಗೆಯಿಲ್ಲದೆ ಇದನ್ನು ಮಾಡಬೇಡಿ. ಕಟ್ಟಡದ ಸಾಮಾನ್ಯ ಮೀಟರ್ ಬೋರ್ಡಿಗೆ ಕೈ ಹಾಕಲೇಬಾರದು.

ಗದ್ದಲದ ಸ್ವರೂಪವೂ ಮೂಲವನ್ನು ಹೇಳುತ್ತದೆ. ವಾಟರ್‌ಫಾಲ್ (ಬ್ಯಾಂಡಿನ ಸಂಕೇತ, ಗದ್ದಲಗಳನ್ನು ಚಿತ್ರವಾಗಿ ತೋರುವ) ಪರದೆಯಿದ್ದರೆ ನೋಡಿ: ಮೊಬೈಲ್ ಚಾರ್ಜರ್, ಲ್ಯಾಪ್‌ಟಾಪ್ ಅಡಾಪ್ಟರ್, ಎಲ್‌ಇಡಿ ಡ್ರೈವರ್‌ಗಳಂಥ ಸ್ವಿಚ್ ಮೋಡ್ ವಿದ್ಯುತ್ ಪೂರೈಕೆಗಳು ಹತ್ತಾರು ಕಿಲೋಹರ್ಟ್ಸ್‌ನಿಂದ ನೂರಾರು ಕಿಲೋಹರ್ಟ್ಸ್‌ವರೆಗಿನ ವೇಗದಲ್ಲಿ ವಿದ್ಯುತ್ತನ್ನು ಕಡಿಯುತ್ತವೆ, ಅದರ ಗುಣಕಗಳು ಸಮಾನ ಅಂತರದ ಮಸುಕು ಪಟ್ಟಿಗಳಾಗಿ ಕಾಣುತ್ತವೆ ಮತ್ತು ಸಾಧನ ಬಿಸಿಯಾದಂತೆ ನಿಧಾನವಾಗಿ ಸರಿಯುತ್ತವೆ. ವಿದ್ಯುತ್ ಕಂಬದ ಮೇಲೆ ಸಡಿಲ ಜೋಡಣೆಯಲ್ಲಿ ಕಿಡಿ ಹಾರುತ್ತಿದ್ದರೆ ಸೆಕೆಂಡಿಗೆ ನೂರು ಸಲದ ಗೊರಗೊರ ಸದ್ದು ಇಡೀ ಬ್ಯಾಂಡಿನಲ್ಲಿ ಹರಡಿರುತ್ತದೆ, ಮತ್ತು ಎಷ್ಟೋ ಸಲ ಮಳೆ ಬಂದಾಗ ಅದು ನಿಂತುಹೋಗುತ್ತದೆ. ಲಿಫ್ಟಿನ ಮೋಟಾರನ್ನು ನಡೆಸುವ ಡ್ರೈವ್ ಆದರೆ ಲಿಫ್ಟ್ ಓಡುವಾಗ ಮಾತ್ರ ಗದ್ದಲ ಏಳುತ್ತದೆ.

ಬೇಟೆಗೆ ಬೇರೆ ಉಪಕರಣ ಬೇಡ. ಹಳೆಯ ಮಧ್ಯಮ ತರಂಗದ ಟ್ರಾನ್ಸಿಸ್ಟರ್ ಸಾಕು. ಆಕಾಶವಾಣಿ ಬೆಂಗಳೂರಿನ 612 ಕಿಲೋಹರ್ಟ್ಸ್‌ನಿಂದ ದೂರ ಸರಿದು, ಡಯಲ್‌ನ ಮೇಲ್ತುದಿಯಲ್ಲಿ ಯಾವ ನಿಲಯವೂ ಇಲ್ಲದ ಕಡೆ ನಿಲ್ಲಿಸಿ ಮನೆಯೆಲ್ಲ ಸುತ್ತಿ. ಅದರೊಳಗೆ ಆಂಟೆನಾ ಆಗಿರುವ ಫೆರೈಟ್ (ಪಿಂಗಾಣಿಯಂಥ ಕಾಂತೀಯ ವಸ್ತು) ಕಡ್ಡಿಯ ತುದಿ ಗದ್ದಲದ ಮೂಲದತ್ತ ತಿರುಗಿದಾಗ ಸದ್ದು ಕ್ಷೀಣಿಸುತ್ತದೆ. ಗೋಡೆಯೊಳಗಿನ ವೈರಿಂಗೇ ಗದ್ದಲವನ್ನು ಹೊತ್ತೊಯ್ದು ಎಲ್ಲೆಡೆ ಸೂಸುವುದರಿಂದ ದಿಕ್ಕನ್ನು ಪೂರ್ತಿ ನಂಬಲಾಗದು. ಎಲ್ಲಿ ಅತಿ ಜೋರು ಎಂಬುದೇ ಹೆಚ್ಚು ಭರವಸೆಯ ಸುಳಿವು.

ಮೇಲ್ಮಹಡಿ ಕೇಳುಗಿ:

ಇಬ್ಬರಿಗೂ ಧನ್ಯವಾದಗಳು. ಮೇನ್ ಸ್ವಿಚ್ ಮತ್ತು ಯುಪಿಎಸ್ ಎರಡನ್ನೂ ಆರಿಸಿ ಬ್ಯಾಟರಿಯ ಮೇಲೆ ಕೇಳಿದೆ. ಹಗಲಿನ ಎಸ್ 8ರ ಗದ್ದಲ ಒಂದೂವರೆ ಎಸ್‌ನಷ್ಟು ಇಳಿಯಿತು. ಎಂಸಿಬಿಗಳನ್ನು ಒಂದೊಂದಾಗಿ ಏರಿಸಿದಾಗ ಎರಡು ಮೂಲಗಳು ಸಿಕ್ಕವು: ಹಾಲ್‌ನ ಫಾಲ್ಸ್ ಸೀಲಿಂಗ್‌ನಲ್ಲಿರುವ ಎಲ್‌ಇಡಿ ಪಟ್ಟಿಯ ಡ್ರೈವರ್, ಮತ್ತು ವೈಫೈ ರೂಟರಿನ ಅಡಾಪ್ಟರ್. ಅಡಾಪ್ಟರನ್ನು ಬೇರೆಯದಕ್ಕೆ ಬದಲಾಯಿಸಿದೆ, ಅದರ ಪಟ್ಟಿಗಳು ಪರದೆಯಿಂದ ಸಂಪೂರ್ಣ ಮಾಯವಾದವು. ಡ್ರೈವರ್‌ನ ತಂತಿಗಳಿಗೆ ಕ್ಲಿಪ್ ಮಾಡುವ ಫೆರೈಟ್ ಮಣಿಗಳನ್ನು ಹಾಕಿ ನೋಡಿದರೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ಇದಕ್ಕೆ ಕಾರಣವೇನು? ಮನೆ ಪೂರ್ತಿ ಕತ್ತಲಾಗಿದ್ದಾಗಲೂ ಉಳಿಯುವ ಎಸ್ 6-7ರ ಗದ್ದಲವನ್ನು ಕೈಬಿಟ್ಟಂತೆಯೇ?

ತಾಮ್ರದ ತಂತಿ:

ಮಣಿಯಿಂದ ಫಲ ಸಿಗದಿರುವುದಕ್ಕೆ ಕಾರಣ ಸರಳ. ತಂತಿ ಒಂದೇ ಸಲ ತೂರಿಹೋಗುವ ಸಣ್ಣ ಮಣಿ 7 ಮೆಗಾಹರ್ಟ್ಸ್‌ನಲ್ಲಿ ಒಡ್ಡುವ ತಡೆ ಕೆಲವು ಹತ್ತು ಓಮ್ ಮಾತ್ರ. ಅಂಥ ಮಣಿಗಳನ್ನು ಬಹುಪಾಲು 100 ಮೆಗಾಹರ್ಟ್ಸ್ ಆಸುಪಾಸಿನ ಅಡ್ಡಿಗಾಗಿ ಮಾಡಿರುತ್ತಾರೆ. ನಮಗೆ ಬೇಕಿರುವುದು ಸಾವಿರಾರು ಓಮ್. ತಡೆಯು ಸುತ್ತುಗಳ ಸಂಖ್ಯೆಯ ವರ್ಗದಂತೆ ಏರುತ್ತದೆ, ಅಂದರೆ ಒಂದು ಸುತ್ತಿನ ಬದಲು ಹತ್ತು ಸುತ್ತು ಹಾಕಿದರೆ ಸುಮಾರು ನೂರರಷ್ಟು. ಆದ್ದರಿಂದ ದೊಡ್ಡ ಫೆರೈಟ್ ರಿಂಗ್ ತಂದು ಡ್ರೈವರ್‌ಗೆ ಹೋಗುವ ಎರಡೂ ತಂತಿಗಳನ್ನು ಜೊತೆಯಾಗಿ ಅದರ ಮೇಲೆ ಸುತ್ತಿ. ಡ್ರೈವರ್‌ನಿಂದ ಪಟ್ಟಿಗೆ ಹೊರಡುವ ತಂತಿಗಳಿಗೂ ಹಾಗೆಯೇ ಮಾಡಿ, ಏಕೆಂದರೆ ಆ ಉದ್ದನೆಯ ಪಟ್ಟಿ ಸ್ವತಃ ಆಂಟೆನಾ. ವಿದ್ಯುತ್ ಬಂದ್ ಮಾಡಿ, ಎಲೆಕ್ಟ್ರಿಷಿಯನ್‌ರಿಂದಲೇ ಮಾಡಿಸುವುದು ಒಳ್ಳೆಯದು. ಡ್ರೈವರ್‌ನ ಡಬ್ಬಿ ಬಿಚ್ಚಿ ಒಳಗೆ ಕೆಪಾಸಿಟರ್ ಸೇರಿಸುವ ಸಲಹೆಗಳು ಅಲ್ಲಲ್ಲಿ ಕಾಣಸಿಗುತ್ತವೆ, ಅವನ್ನು ಅನುಸರಿಸಬೇಡಿ.

ಉಳಿದ ಗದ್ದಲವನ್ನು ಕೈಬಿಡುವುದಕ್ಕೆ ಮುನ್ನ ನಿಮ್ಮ ಕೋಆಕ್ಸ್ ಕೇಬಲ್ಲನ್ನು ವಿಚಾರಿಸಿಕೊಳ್ಳಬೇಕು. ಅದು ಡಕ್ಟ್‌ನೊಳಗೆ ಎಲ್ಲ ಮನೆಗಳ ವಿದ್ಯುತ್ ತಂತಿಗಳ ಪಕ್ಕದಲ್ಲೇ ಇಳಿಯುತ್ತಿದೆ ಎಂದಿದ್ದೀರಿ. ಕೇಬಲ್‌ನ ಒಳಗಿನ ಸಂಕೇತಕ್ಕೆ ಅದರಿಂದ ತೊಂದರೆಯಿಲ್ಲ, ಆದರೆ ಜಾಲರಿಯ ಹೊರಮೈ ಒಂದು ಉದ್ದನೆಯ ತಂತಿಯಂತೆ ವರ್ತಿಸಿ, ನೆರೆಹೊರೆಯವರ ಚಾರ್ಜರುಗಳ ಗದ್ದಲವನ್ನೆಲ್ಲ ಹೀರಿ ಡೈಪೋಲ್‌ನ ನಡುವಿನವರೆಗೆ ಒಯ್ಯುತ್ತದೆ. ಅಲ್ಲಿ ಅದು ಕೇಬಲ್‌ನ ಒಳಹೊಕ್ಕು ಸಂಕೇತದ ಜೊತೆಗೇ ರೇಡಿಯೊಗೆ ಇಳಿಯುತ್ತದೆ. ಇದನ್ನೇ ಕಾಮನ್ ಮೋಡ್ ಪ್ರವಾಹ ಎನ್ನುತ್ತೇವೆ. ಎಸ್‌ಡಬ್ಲ್ಯುಆರ್ ಚೆನ್ನಾಗಿದೆ ಎಂಬುದು ಇದಕ್ಕೆ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ.

ಪರಿಹಾರವೆಂದರೆ ಡೈಪೋಲ್‌ನ ನಡುವೆ ಒಂದು, ಕೇಬಲ್ ಕಟ್ಟಡದೊಳಕ್ಕೆ ಇಳಿಯುವಲ್ಲಿ ಇನ್ನೊಂದು ಚೋಕ್ (ಈ ಪ್ರವಾಹವನ್ನು ತಡೆಯುವ ಸುರುಳಿ). ಮ್ಯಾಂಗನೀಸ್-ಸತುವಿನ ಮಿಶ್ರಣವಾದ 31ನೇ ನಮೂನೆಯ ಫೆರೈಟ್‌ನ, 2.4 ಇಂಚು ವ್ಯಾಸದ ರಿಂಗಿನ ಮೇಲೆ ಆರ್‌ಜಿ-58 ಕೇಬಲ್ಲನ್ನೇ ಹನ್ನೆರಡರಷ್ಟು ಸುತ್ತು ಸುತ್ತಿದರೆ 7 ಮೆಗಾಹರ್ಟ್ಸ್‌ನಲ್ಲಿ ಕೆಲವು ಸಾವಿರ ಓಮ್ ತಡೆ ದೊರೆಯುತ್ತದೆ. ನನ್ನ ಅಭಿಪ್ರಾಯದಲ್ಲಿ ನಗರದ ಪ್ರತಿ ಹ್ಯಾಮ್ ನಿಲಯವೂ ಆಂಟೆನಾದ ಜೊತೆಗೇ ಕಟ್ಟಿಕೊಳ್ಳಬೇಕಾದ ವಸ್ತು ಇದು.

ಎಸ್‌ಪಿ ರಸ್ತೆಯ ಗಿರಾಕಿ:

31ನೇ ನಮೂನೆಯ ರಿಂಗ್ ಸುಲಭಕ್ಕೆ ಸಿಗದೆ ಹೊಸಬರು ಗುಜರಿಯ ರಿಂಗ್‌ಗಳನ್ನು ಕೊಳ್ಳುತ್ತಾರೆ. ಕಂಪ್ಯೂಟರ್ ಪವರ್ ಸಪ್ಲೈಗಳಿಂದ ಕಿತ್ತ, ಹಳದಿ ಮತ್ತು ಬಿಳಿ ಬಣ್ಣ ಬಳಿದ ರಿಂಗ್ ಫೆರೈಟ್ ಅಲ್ಲ, ಕಬ್ಬಿಣದ ಪುಡಿಯನ್ನು ಒತ್ತಿ ಮಾಡಿದ್ದು. ಅದು ಈ ಕೆಲಸಕ್ಕೆ ಬಾರದು. ಬಣ್ಣವಿಲ್ಲದ ಕಪ್ಪು ರಿಂಗ್‌ಗಳಲ್ಲಿ ಯಾವ ಮಿಶ್ರಣವಿದೆ ಎಂದು ಕಣ್ಣಿನಿಂದ ಹೇಳಲಾಗದು. ನಾಲ್ಕಾರು ಸುತ್ತು ಹಾಕಿ ನ್ಯಾನೊ ವಿಎನ್‌ಎ ಎಂಬ ಪುಟ್ಟ ಅಳತೆ ಉಪಕರಣದಲ್ಲಿ ಅಳೆದು ನೋಡಿದ ಮೇಲೆ ತೀರ್ಮಾನಿಸಬೇಕು. 43ನೇ ನಮೂನೆಯೂ 7 ಮೆಗಾಹರ್ಟ್ಸ್‌ನಲ್ಲಿ ಉಪಯೋಗಕ್ಕೆ ಬರುತ್ತದೆ, 3.5 ಮೆಗಾಹರ್ಟ್ಸ್‌ಗೆ ಇಳಿದಾಗ 31ರ ಕೈ ಮೇಲಾಗುತ್ತದೆ.

ಶರಾವತಿ ತೀರ:

ಚೋಕ್‌ನ ಮಹತ್ವವನ್ನು ಒಪ್ಪುತ್ತೇನೆ, ಆದರೆ ಈ ಚರ್ಚೆಯಲ್ಲಿ ಆಂಟೆನಾ ಎಲ್ಲಿದೆ ಎಂಬ ಪ್ರಶ್ನೆಯನ್ನು ಯಾರೂ ಕೇಳಿಲ್ಲ. 7 ಮೆಗಾಹರ್ಟ್ಸ್‌ನ ತರಂಗಾಂತರ ಸುಮಾರು 42 ಮೀಟರ್. ಮೂಲಕ್ಕೆ ತರಂಗಾಂತರದ ಆರನೆಯ ಒಂದು ಭಾಗಕ್ಕಿಂತ, ಎಂದರೆ ಏಳು ಮೀಟರಿಗಿಂತ ಹತ್ತಿರವಿದ್ದರೆ ನಾವು ಅದರ ಸಮೀಪ ಕ್ಷೇತ್ರದಲ್ಲಿರುತ್ತೇವೆ, ಮತ್ತು ಅಲ್ಲಿ ದೂರ ಹೆಚ್ಚಿದಂತೆ ಗದ್ದಲ ಬಹಳ ಕಡಿದಾಗಿ ಇಳಿಯುತ್ತದೆ. ಆದ್ದರಿಂದ ತಾರಸಿಯಲ್ಲಿ ನಾಲ್ಕೈದು ಮೀಟರ್ ಸರಿಸುವುದರಿಂದ ಸಿಗುವ ಲಾಭ, ಹಣ ಕೊಟ್ಟು ತಂದ ಯಾವ ಫಿಲ್ಟರಿನಿಂದಲೂ ಸಿಗದಿರಬಹುದು. ಡೈಪೋಲ್‌ನ ಒಂದು ತುದಿ ಲಿಫ್ಟ್ ರೂಮಿನ ಮೇಲೆ ಹಾದುಹೋಗಿದೆಯೇ? ಸೌರ ವಿದ್ಯುತ್ ಫಲಕಗಳ ಹತ್ತಿರವಿದೆಯೇ? ನೀರು ಕಾಯಿಸುವ ಸೋಲಾರ್ ಹೀಟರ್ ನಿರುಪದ್ರವಿ, ಆದರೆ ವಿದ್ಯುತ್ ಉತ್ಪಾದಿಸುವ ಫಲಕಗಳಿಂದ ಇನ್ವರ್ಟರ್‌ವರೆಗಿನ ಉದ್ದನೆಯ ತಂತಿಗಳು ಗದ್ದಲವನ್ನು ಚೆನ್ನಾಗಿಯೇ ಸೂಸುತ್ತವೆ.

ಆಂಟೆನಾ ಸರಿಸಲು ಜಾಗವಿಲ್ಲದಿದ್ದರೆ ಕೇಳುವುದಕ್ಕೆಂದೇ ಬೇರೆ ಆಂಟೆನಾ ಇಟ್ಟುಕೊಳ್ಳಿ. ಒಂದು ಮೀಟರ್ ವ್ಯಾಸದ ಸಣ್ಣ ಲೂಪ್ ಸಂಕೇತವನ್ನು ಕಡಿಮೆಯೇ ಹಿಡಿಯುತ್ತದೆ, ಆದರೆ ಅದನ್ನು ತಿರುಗಿಸಿ ಅದರ ಮೌನ ದಿಕ್ಕನ್ನು ಗದ್ದಲದ ಮೂಲಕ್ಕೆ ಎದುರಾಗಿಸಿದರೆ ಆ ಒಂದು ಮೂಲವನ್ನು 20 ಡೆಸಿಬೆಲ್‌ಗೂ ಹೆಚ್ಚು ಅದುಮಬಹುದು. ಹೊರಗಿನ ಗದ್ದಲವೇ ಮೇಲಾಗಿರುವಾಗ ಆಂಟೆನಾ ಎಷ್ಟು ಸಂಕೇತ ಹಿಡಿಯಿತು ಎಂಬುದು ಮುಖ್ಯವಲ್ಲ, ಸಂಕೇತಕ್ಕೂ ಗದ್ದಲಕ್ಕೂ ಇರುವ ಅನುಪಾತ ಮುಖ್ಯ. ಹೆರಾಲ್ಡ್ ಬೆವರೇಜ್ 1921ರಲ್ಲಿ ಪೇಟೆಂಟ್ ಪಡೆದ, ನೆಲದ ಹತ್ತಿರ ಎಳೆದ ಉದ್ದನೆಯ ತಂತಿಯ ಆಂಟೆನಾ ಕೂಡ ಇದೇ ತತ್ವದ್ದು: ಅದರ ದಕ್ಷತೆ ತೀರಾ ಕಡಿಮೆ, ಕೇಳಿಸುವ ಸ್ಪಷ್ಟತೆ ಅಪಾರ.

ತಾಮ್ರದ ತಂತಿ:

ಲೂಪ್ ಬಗ್ಗೆ ಒಂದು ಎಚ್ಚರಿಕೆ. ಮೂಲ ಒಂದೇ ಇದ್ದಾಗ ಅದು ಅದ್ಭುತ. ನಲವತ್ತು ಮನೆಗಳ ಕಟ್ಟಡದಲ್ಲಿ ಎಲ್ಲ ದಿಕ್ಕಿನಿಂದಲೂ ಗದ್ದಲ ಬರುವಾಗ ಯಾವ ಕಡೆಗೆಂದು ತಿರುಗಿಸುವುದು? ಎರಡನೆಯ ಆಂಟೆನಾದಿಂದ ಗದ್ದಲವನ್ನು ಹಿಡಿದು, ಹಂತ ಮತ್ತು ಪ್ರಮಾಣ ಹೊಂದಿಸಿ ಮೊದಲನೆಯದರಿಂದ ಕಳೆಯುವ ನಾಯ್ಸ್ ಕ್ಯಾನ್ಸೆಲರ್‌ಗೂ ಇದೇ ಮಿತಿಯಿದೆ. ಮೊದಲು ಮನೆಯ ಮೂಲಗಳು, ಆಮೇಲೆ ಚೋಕ್, ಆಮೇಲೆ ಲೂಪ್ ಎಂಬ ಕ್ರಮವನ್ನೇ ನಾನು ಹೇಳುವುದು.

ಶರಾವತಿ ತೀರ:

ಆ ಮಿತಿ ನಿಜವೇ. ಆದರೂ ಚೋಕ್ ಹಾಕಿದ ಮೇಲೆ ಉಳಿಯುವುದು ಹೆಚ್ಚಾಗಿ ಒಂದೋ ಎರಡೋ ಪ್ರಬಲ ಮೂಲಗಳು ಎಂಬುದು ನನ್ನ ಅನುಭವ. ಕ್ರಮದ ವಿಷಯದಲ್ಲಿ ನನ್ನ ತಕರಾರಿಲ್ಲ, ಆಂಟೆನಾ ಸರಿಸುವುದಕ್ಕೆ ಮಾತ್ರ ಅದರಲ್ಲಿ ಮೊದಲ ಸಾಲಿನ ಜಾಗ ಕೊಡಿ ಎಂದು ಕೇಳುತ್ತೇನೆ, ಅದಕ್ಕೆ ಖರ್ಚೇ ಇಲ್ಲ.

ಆಕಾಶ ವೀಕ್ಷಕ:

ಮೂಲಗಳನ್ನು ಬೇರ್ಪಡಿಸಿ ನೋಡುವ ಈ ಶಿಸ್ತಿಗೆ ದೊಡ್ಡ ಇತಿಹಾಸವೇ ಇದೆ. ಸಾಗರದಾಚೆಯ ರೇಡಿಯೊ ದೂರವಾಣಿಗೆ ಅಡ್ಡಿಯಾಗುವ ಗದ್ದಲ ಎಲ್ಲಿಂದ ಬರುತ್ತದೆ ಎಂದು ಕಂಡುಹಿಡಿಯಲು ಬೆಲ್ ಲ್ಯಾಬ್ಸ್ ಕಾರ್ಲ್ ಜಾನ್‌ಸ್ಕಿಯವರನ್ನು ನೇಮಿಸಿತ್ತು. ಅವರು ನ್ಯೂಜೆರ್ಸಿಯ ಹೋಮ್‌ಡೆಲ್‌ನಲ್ಲಿ 20.5 ಮೆಗಾಹರ್ಟ್ಸ್‌ನ ತಿರುಗುವ ಆಂಟೆನಾ ಕಟ್ಟಿ, ಗದ್ದಲವನ್ನು ಹತ್ತಿರದ ಸಿಡಿಲು, ದೂರದ ಸಿಡಿಲು, ಕಾರಣ ತಿಳಿಯದ ಒಂದೇ ಸಮನೆಯ ಹಿಸ್ ಸದ್ದು ಎಂದು ಮೂರಾಗಿ ವಿಂಗಡಿಸಿದರು. ಆ ಹಿಸ್ 23 ಗಂಟೆ 56 ನಿಮಿಷಕ್ಕೊಮ್ಮೆ ಮರಳುವುದನ್ನು ಗಮನಿಸಿ, ಅದು ನಮ್ಮ ಆಕಾಶಗಂಗೆಯಿಂದ ಬರುತ್ತಿದೆ ಎಂದು 1933ರಲ್ಲಿ ಪ್ರಕಟಿಸಿದರು. ರೇಡಿಯೊ ಖಗೋಳ ವಿಜ್ಞಾನ ಹುಟ್ಟಿದ್ದು ಹಾಗೆ.

ನಮ್ಮ ಗೌರಿಬಿದನೂರಿನಲ್ಲಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ 34.5 ಮೆಗಾಹರ್ಟ್ಸ್‌ಗಾಗಿ ಸಾವಿರ ಡೈಪೋಲ್‌ಗಳ ದೂರದರ್ಶಕವನ್ನು ಕಟ್ಟಿದ್ದವು. ನಕ್ಷತ್ರಕ್ಕೆ ಸ್ವಲ್ಪ ಜೋರಾಗಿ ಮಾತನಾಡು ಎಂದು ಹೇಳಲಾಗದ ಆ ವಿಜ್ಞಾನಿಗಳಿಗೆ ಗದ್ದಲ ತಗ್ಗಿಸುವುದೊಂದೇ ದಾರಿ. ನೆರೆಯ ಊರುಗಳ ಎಲ್‌ಇಡಿ ದೀಪ, ಸೌರ ಇನ್ವರ್ಟರುಗಳ ಗದ್ದಲ ಅಂಥ ವೀಕ್ಷಣಾಲಯಗಳಿಗೂ ಬೆದರಿಕೆಯೇ ಆದ್ದರಿಂದ, ನಾವು ಕೇಳುತ್ತಿರುವುದು ಹವ್ಯಾಸಿಗಳ ಅನುಕೂಲವನ್ನು ಮಾತ್ರ ಅಲ್ಲ.

ಮೋರ್ಸ್ ಪ್ರೇಮಿ:

ಬ್ಯಾಂಡ್‌ವಿಡ್ತ್ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಗದ್ದಲ ಎಲ್ಲ ಕಡೆ ಸಮನಾಗಿ ಹರಡಿರುವಾಗ 2.4 ಕಿಲೋಹರ್ಟ್ಸ್‌ನಿಂದ 500 ಹರ್ಟ್ಸ್‌ಗೆ ಇಳಿದರೆ ಸುಮಾರು 7 ಡೆಸಿಬೆಲ್, 250ಕ್ಕೆ ಇಳಿದರೆ ಸುಮಾರು 10 ಡೆಸಿಬೆಲ್ ಲಾಭ, ಒಂದು ಪೈಸೆಯ ಖರ್ಚಿಲ್ಲದೆ. ಮೋರ್ಸ್‌ಗೆ ಅಷ್ಟೇ ಅಗಲ ಸಾಕು. 2017ರಲ್ಲಿ ಬಂದ ಎಫ್‌ಟಿ8 ಎಂಬ, ಕಂಪ್ಯೂಟರ್ ಮೂಲಕ ಚುಟುಕು ಸಂದೇಶ ಕಳಿಸುವ ವಿಧಾನ 2500 ಹರ್ಟ್ಸ್ ಅಗಲದ ಗದ್ದಲಕ್ಕಿಂತ 20 ಡೆಸಿಬೆಲ್ ಕೆಳಗಿರುವ ಸಂಕೇತವನ್ನೂ ಬಿಡಿಸಬಲ್ಲದು.

ರೇಡಿಯೊದಲ್ಲಿರುವ ನಾಯ್ಸ್ ಬ್ಲ್ಯಾಂಕರ್ ಕಿಡಿಯಂಥ ಚುಟುಕು ಗದ್ದಲಕ್ಕೆ ಮಾತ್ರ. ಚಾರ್ಜರಿನ ನಿರಂತರ ಗದ್ದಲದ ಮೇಲೆ ಅದರ ಆಟ ನಡೆಯದು, ಮತ್ತು ಪಕ್ಕದಲ್ಲಿ ಬಲವಾದ ನಿಲಯವಿದ್ದರೆ ಅದು ಮಾತನ್ನೇ ಒಡೆದುಹಾಕುತ್ತದೆ.

ಮೇಲ್ಮಹಡಿ ಕೇಳುಗಿ:

ಮೋರ್ಸ್ ಕಲಿಯುವ ಆಸೆ ಖಂಡಿತ ಇದೆ. ಆದರೆ ಮಳೆಗಾಲದಲ್ಲಿ ಕೊಡಗಿನಂಥ ಕಡೆ ಫೋನುಗಳು ಸತ್ತಾಗ ಧ್ವನಿಯಲ್ಲಿ ಬರುವ ಸಂದೇಶವನ್ನು ತಪ್ಪಿಲ್ಲದೆ ಬರೆದುಕೊಳ್ಳಲು ನನ್ನ ನಿಲಯ ಸಿದ್ಧವಿರಬೇಕು ಎಂಬುದು ನನ್ನ ಉದ್ದೇಶ. ಆದ್ದರಿಂದ ಮಾತಿನ ಸ್ಪಷ್ಟತೆಯನ್ನೇ ಮೊದಲು ಸರಿಪಡಿಸಬೇಕಾಗಿದೆ.

ಡೈಪೋಲ್‌ನ ಒಂದು ತುದಿ ನಿಜವಾಗಿಯೂ ಲಿಫ್ಟ್ ರೂಮಿನ ಮೇಲಿತ್ತು. ಅದನ್ನು ತಾರಸಿಯ ಇನ್ನೊಂದು ಮೂಲೆಗೆ ತಿರುಗಿಸಿ, ಎರಡು ಚೋಕ್ ಸುತ್ತಿ ಹಾಕಿಸಿದೆ. ಈಗ ಹಗಲಿನಲ್ಲಿ ಮೀಟರ್ 5 ಮತ್ತು 6ರ ನಡುವೆ ಇದೆ. ಸಂಜೆ ಮಾತ್ರ ಕೆಳಮಹಡಿಯ ಒಂದು ಮನೆಯ ಬಾಲ್ಕನಿ ದೀಪಗಳು ಹತ್ತಿದಾಗ ಸಮಾನ ಅಂತರದ ಪಟ್ಟಿಗಳು ಎದ್ದು ಗದ್ದಲ 7ರ ಮೇಲೇರುತ್ತದೆ. ಅವರಲ್ಲಿ ಹೇಗೆ ಪ್ರಸ್ತಾಪಿಸುವುದು?

ನಿವೃತ್ತ ಪ್ರಸಾರ ಎಂಜಿನಿಯರ್:

ದೂರಿನ ಧಾಟಿಯಲ್ಲಿ ಆರಂಭಿಸದೆ, ಅವರನ್ನು ನಿಮ್ಮ ಮನೆಗೆ ಕರೆದು ಪರದೆಯ ಮುಂದೆ ಕೂರಿಸಿ. ದೀಪ ಹತ್ತಿದಾಗ ಏಳುವ, ಆರಿದಾಗ ಮಾಯವಾಗುವ ಪಟ್ಟಿಗಳನ್ನು ಕಣ್ಣಾರೆ ಕಂಡವರು ಬಹುಪಾಲು ಸಹಕರಿಸುತ್ತಾರೆ. ದೀಪಗಳಿಂದ ಹೊರಡುವ ಅಡ್ಡಿಗೆ ಸಿಸ್ಪರ್ 15 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದನ್ನು ಪಾಲಿಸುವ ಡ್ರೈವರ್ ಒಂದನ್ನು ನೀವೇ ತಂದು, ಅವರ ಎಲೆಕ್ಟ್ರಿಷಿಯನ್‌ರಿಂದ ಹಾಕಿಸಿಕೊಡುವೆನೆಂದು ಹೇಳಿ. ಅವರ ಉಪಕರಣವನ್ನು ನೀವು ಬಿಚ್ಚಬೇಡಿ. ವಿದ್ಯುತ್ ಕಂಬದ ಕಿಡಿಯಂಥ ತೊಂದರೆಯಾದರೆ ಕಂಬದ ಸಂಖ್ಯೆ ಮತ್ತು ಸಮಯ ಬರೆದು ಸರಬರಾಜು ಕಂಪನಿಗೆ ತಿಳಿಸಬೇಕು. ಪರವಾನಗಿ ಪಡೆದ ನಿಲಯಕ್ಕೆ ಆಗುವ ಗಂಭೀರ ಅಡ್ಡಿಯನ್ನು ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ಮಾನಿಟರಿಂಗ್ ವಿಭಾಗದ ಗಮನಕ್ಕೂ ತರಬಹುದು, ಆದರೆ ಬಾಲ್ಕನಿಯ ದೀಪಕ್ಕೆ ಅಲ್ಲಿಯವರೆಗೆ ಹೋಗಬೇಕಾಗಿಲ್ಲ.

ನಿಮ್ಮ ಪ್ರಸಾರದಿಂದ ಅವರ ಸ್ಪೀಕರಿನಲ್ಲೋ ಡೋರ್‌ಫೋನಿನಲ್ಲೋ ಸದ್ದು ಬರುತ್ತದೆಯೇ ಎಂಬುದನ್ನು ಅದೇ ಭೇಟಿಯಲ್ಲಿ ನೀವಾಗಿಯೇ ವಿಚಾರಿಸಿ. ನೀವು ಹಾಕಿಸಿದ ಚೋಕ್ ಆ ದಿಕ್ಕಿನ ಅಡ್ಡಿಯನ್ನೂ ತಗ್ಗಿಸಿರುತ್ತದೆ.

ಮೇಲ್ಮಹಡಿ ಕೇಳುಗಿ:

ಹಾಗೆಯೇ ಮಾಡುತ್ತೇನೆ, ಸರ್. ಕೊನೆಯದಾಗಿ ಒಂದು ಸಣ್ಣ ಪ್ರಶ್ನೆ: ಡೈಪೋಲ್ ನಡುವಿನ ಚೋಕ್ ಸದ್ಯ ಪ್ಲಾಸ್ಟಿಕ್ ಡಬ್ಬಿಯಲ್ಲಿದೆ. ಮಳೆಗಾಲಕ್ಕೆ ಮುನ್ನ ಅದನ್ನು ಎಂ-ಸೀಲ್ ಹಾಕಿ ಪೂರ್ತಿ ಮುಚ್ಚಬೇಕೇ?

ಎಸ್‌ಪಿ ರಸ್ತೆಯ ಗಿರಾಕಿ:

ಪೂರ್ತಿ ಮುಚ್ಚಬೇಡಿ, ಒಳಗೆ ತೇವಾಂಶ ಹನಿಗಟ್ಟಿ ನಿಲ್ಲುತ್ತದೆ. ಮೇಲಿನ ಮತ್ತು ಪಕ್ಕದ ಕಿಂಡಿಗಳನ್ನು ಮಾತ್ರ ಮುಚ್ಚಿ, ತಳದಲ್ಲಿ ಇರುವೆ ನುಗ್ಗದಷ್ಟು ಸಣ್ಣ ರಂಧ್ರ ಬಿಡಿ. ಕನೆಕ್ಟರಿಗೆ ಸೆಲ್ಫ್ ಫ್ಯೂಸಿಂಗ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ, ಆಗ ಮೇಲಿನ ಸುತ್ತು ಕೆಳಗಿನದರ ಮೇಲೆ ಹೆಂಚಿನಂತೆ ಕೂತು ನೀರು ಒಳಗಿಳಿಯುವುದಿಲ್ಲ. ಡಬ್ಬಿಯ ಕೆಳಗೆ ಕೇಬಲ್ಲಿಗೆ ಒಂದು ಇಳಿಬಿದ್ದ ಬಾಗು ಕೊಟ್ಟರೆ ಹನಿಗಳು ಅಲ್ಲೇ ತೊಟ್ಟಿಕ್ಕುತ್ತವೆ.